ಬಂಡೆಯೊಳಗಿನ ದ್ರಾಕ್ಷಾಗಾರ

ಶೈತ್ಯಯಂತ್ರಗಳಿಲ್ಲದಿದ್ದ ಕಾಲದಲ್ಲಿ ದ್ರಾಕ್ಷಾಮದ್ಯವನ್ನು ತಯಾರಿಸುವವರು ಭೂಮಿಯ ಒಡಲನ್ನೇ ಆಶ್ರಯಿಸಬೇಕಾಗಿತ್ತು. ಹೊರಗೆ ಬಿಸಿಲು ಎಷ್ಟೇ ಉರಿಯುತ್ತಿರಲಿ, ಬೆಟ್ಟದ ಗರ್ಭದಲ್ಲಿ ಸುಮಾರು 14 ಡಿಗ್ರಿ ಸೆಲ್ಸಿಯಸ್‌ನ ತಂಪು ವರ್ಷವಿಡೀ ಒಂದೇ ಹದದಲ್ಲಿರುವುದಲ್ಲದೆ, ಅಲ್ಲಿಯ ತೇವವು ಮರದ ಪೀಪಾಯಿಯೊಳಗಿನ ಮದ್ಯ ಬೇಗ ಆವಿಯಾಗದಂತೆ ತಡೆಯುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ನಾಪಾ ಕಣಿವೆಯಲ್ಲಿ, ಕ್ಯಾಲಿಸ್ಟೋಗ ಪಟ್ಟಣದ ಸಮೀಪದ ಬೆಟ್ಟದ ಮೇಲೆ, ಜರ್ಮನಿಯಿಂದ ವಲಸೆ ಬಂದು ಕ್ಷೌರವೃತ್ತಿಯಿಂದ ಜೀವಿಸುತ್ತಿದ್ದ ಜೇಕಬ್ ಶ್ರಾಮ್ ಎಂಬಾತನು 1862ರಲ್ಲಿ ಶ್ರಾಮ್ಸ್‌ಬರ್ಗ್ ಎಂಬ ದ್ರಾಕ್ಷಾಕ್ಷೇತ್ರವನ್ನು ಸ್ಥಾಪಿಸಿದನು. ಖಂಡವನ್ನು ದಾಟುವ ರೈಲುಮಾರ್ಗವು 1869ರಲ್ಲಿ ಪೂರ್ಣಗೊಂಡ ಬಳಿಕ ಬೇರೆ ಕೆಲಸ ಅರಸುತ್ತಿದ್ದ ಚೀನೀ ಕೂಲಿಕಾರರಲ್ಲಿ ಹಲವರು ಈ ಕಣಿವೆಗೆ ಬಂದಿದ್ದರು. ಜ್ವಾಲಾಮುಖಿಯ ಬೂದಿ ಗಟ್ಟಿಗೊಂಡು ಆದ ಇಲ್ಲಿಯ ಬಂಡೆಯನ್ನು 1870ರ ಸುಮಾರಿಗೆ ಪಿಕಾಸಿಯಿಂದ ಅಂಗುಲ ಅಂಗುಲವಾಗಿ ಕಡಿದು ಸುರಂಗಗಳನ್ನು ತೋಡಿದವರು ಅವರೇ. ದೀಪವನ್ನು ಗೋಡೆಯ ಸಮೀಪಕ್ಕೆ ಹಿಡಿದರೆ ಒಂದೊಂದು ಏಟೂ ಬಿಟ್ಟುಹೋದ ಓರೆಗೀರುಗಳು ಇಂದಿಗೂ ಸ್ಪಷ್ಟವಾಗಿ ತೋರುತ್ತವೆ. ಚಾವಣಿಯ ಮೇಲೆ ಕಲ್ಲುಹೂವು ದಟ್ಟವಾಗಿ ಹಬ್ಬಿದೆ. ಸುರಂಗ ತೋಡಿ ದಶಕವೊಂದು ಕಳೆದ ಮೇಲೆ, 1882ರಲ್ಲಿ, ಚೀನೀ ಕೂಲಿಕಾರರು ದೇಶವನ್ನು ಪ್ರವೇಶಿಸಬಾರದೆಂಬ ಶಾಸನವನ್ನು ಅಮೆರಿಕವು ಜಾರಿಗೆ ತಂದಿತು.

1905ರಲ್ಲಿ ಶ್ರಾಮ್ ತೀರಿಕೊಂಡನು. ಮುಂದೆ 1920ರಿಂದ 1933ರವರೆಗೆ ನಡೆದ ಪಾನನಿರೋಧವು ನಾಪಾದ ಉದ್ಯಮವನ್ನೇ ನೆಲಕಚ್ಚಿಸಿತು. ಕೈಯಿಂದ ಕೈಗೆ ದಾಟಿ ಪಾಳುಬಿದ್ದಿದ್ದ ಈ ಕ್ಷೇತ್ರವನ್ನು ಜಾಕ್ ಮತ್ತು ಜೇಮಿ ಡೇವಿಸ್ ದಂಪತಿಗಳು 1965ರಲ್ಲಿ ಕೊಂಡು, ನೊರೆಯುಕ್ಕುವ ಮದ್ಯದ ತಯಾರಿಕೆಯನ್ನು ಆರಂಭಿಸಿದರು. ಅಂಥ ಮದ್ಯವು ಸೀಸೆಯೊಳಗೇ ಎರಡನೆಯ ಸಲ ಹುದುಗಬೇಕಾದುದರಿಂದಲೂ, ಆ ಹುದುಗುವಿಕೆ ತಂಪಿನಲ್ಲಿ ನಿಧಾನವಾಗಿ ಸಾಗಿದಷ್ಟೂ ಗುಳ್ಳೆಗಳು ನವುರಾಗುವುದರಿಂದಲೂ, ಆ ಹಳೆಯ ಸುರಂಗಗಳು ಪುನಃ ಉಪಯೋಗಕ್ಕೆ ಬಂದವು.

1972ರ ಫೆಬ್ರವರಿಯಲ್ಲಿ ಅಧ್ಯಕ್ಷ ನಿಕ್ಸನ್ನರು ಚೀನಾಕ್ಕೆ ಹೋದಾಗ, ಪ್ರಧಾನಿ ಚೌ ಎನ್‌ಲಾಯ್ ಅವರೊಡನೆ ಉಭಯ ರಾಷ್ಟ್ರಗಳ ಸೌಹಾರ್ದವನ್ನು ಹಾರೈಸಿ ಎತ್ತಿದ ಬಟ್ಟಲಿನಲ್ಲಿದ್ದುದು ಇದೇ ಶ್ರಾಮ್ಸ್‌ಬರ್ಗಿನ ಮದ್ಯ. ಚೀನೀ ಶ್ರಮಿಕರು ತೋಡಿದ ಸುರಂಗಗಳುಳ್ಳ ಕ್ಷೇತ್ರದ ಮದ್ಯವು ಅವರ ಮಾತೃಭೂಮಿಯಲ್ಲೇ ಮೈತ್ರಿಯ ಕುರುಹಾಯಿತು.

ಶ್ರಾಮನ ಹೆಸರು ಇಂದಿಗೂ ಸೀಸೆಗಳ ಮೇಲಿದೆ. ಬಂಡೆ ಕಡಿದವರ ಹೆಸರು ಯಾವ ಸೀಸೆಯ ಮೇಲೂ ಇಲ್ಲ. ಇಂಥ ಸ್ಥಳಗಳನ್ನು ಸಂದರ್ಶಿಸುವವರು ಸೀಸೆಗಳ ಸಾಲನ್ನು ಮೆಚ್ಚುವುದಕ್ಕೆ ಮುನ್ನ ಗೋಡೆಯ ಗೀರುಗಳನ್ನು ಗೌರವದಿಂದ ನೋಡಬೇಕು. ಆ ಶ್ರಮಿಕರಿಗೆ ಸಲ್ಲಬೇಕಾದ ಮನ್ನಣೆ ಇನ್ನೂ ಬಾಕಿ ಉಳಿದಿದೆ.