ಟಾರು ರಸ್ತೆಗೆ ಬಂದರೂ ಬಿಡದ ಫೋರ್ ವೀಲ್

ಕೊಡಚಾದ್ರಿ ಹತ್ತುವ ಮಣ್ಣುದಾರಿಯಲ್ಲಿ ಪ್ರವಾಸಿಗರನ್ನು ತುಂಬಿಕೊಂಡು ಹೋಗುವ ಜೀಪುಗಳು ಫೋರ್ ವೀಲ್ ಹಾಕದೆ ಆ ಕೊರಕಲುಗಳನ್ನು ದಾಟಲಾರವು. ಮಡಿಕೇರಿಯ ಮಾಂದಲಪಟ್ಟಿ ದಾರಿಯದೂ ಅದೇ ಪಾಡು. ಆದರೆ ತೊಂದರೆ ಕಾಣಿಸಿಕೊಳ್ಳುವುದು ಗುಡ್ಡ ಹತ್ತುವಾಗ ಅಲ್ಲ, ಇಳಿದು ಟಾರು ರಸ್ತೆ ಮುಟ್ಟಿದ ಮೇಲೆ. ಫೋರ್ ವೀಲ್ ಬಿಡಿಸಲು ಗೇರಿನ ಪಕ್ಕದ ಸಣ್ಣ ಲಿವರನ್ನು ಚಾಲಕ ಹಿಡಿದು ತಳ್ಳುತ್ತಾನೆ, ಅದು ಕದಲುವುದಿಲ್ಲ. ಸ್ಟೇರಿಂಗ್ ವಿಪರೀತ ಭಾರವಾಗಿರುತ್ತದೆ. ತಿರುವಿನಲ್ಲಿ ಗಾಡಿ ಯಾರೋ ಹಿಂದಿನಿಂದ ಹಿಡಿದಂತೆ ತಡೆತಡೆದು ಸಾಗುತ್ತದೆ, ಟೈರು ಕಿರುಗುಡುತ್ತದೆ. ‘ಬಿಡ್ತಾನೇ ಇಲ್ಲ ಮಾರಾಯ್ರೆ’ ಎಂದು ಗ್ಯಾರೇಜಿಗೆ ಫೋನು ಹೋಗುತ್ತದೆ. ಅದಕ್ಕೂ ಮೊದಲು ಯಾರಾದರೂ ಲಿವರನ್ನು ಕಾಲಿನಿಂದ ಒದ್ದು ನೋಡಿರುತ್ತಾರೆ.

ಆ ಒದೆತವೇ ಎಷ್ಟೋ ಗಾಡಿಗಳನ್ನು ಕೆಡಿಸಿದೆ. ಇಂಥ ಹೊತ್ತಿನಲ್ಲಿ ಬಹುಪಾಲು ಸಲ ಒಳಗೆ ಏನೂ ಮುರಿದಿರುವುದಿಲ್ಲ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಒಂದು ತಿರುಚು ಬಲ ಸಿಕ್ಕಿಹಾಕಿಕೊಂಡಿರುತ್ತದೆ, ಅಷ್ಟೆ. ಅದು ಎಲ್ಲಿಂದ ಬಂತು ಎಂದು ಗೊತ್ತಾದರೆ ಬಿಡಿಸುವ ದಾರಿಯೂ ತಾನಾಗಿ ಗೊತ್ತಾಗುತ್ತದೆ.

ಗಾಡಿ ತಿರುಗುವಾಗ ಒಳಮಗ್ಗುಲಿನ ಚಕ್ರಕ್ಕಿಂತ ಹೊರಮಗ್ಗುಲಿನ ಚಕ್ರ ಹೆಚ್ಚು ದೂರ ಓಡುತ್ತದೆ. ಆ ವ್ಯತ್ಯಾಸವನ್ನು ಹೊಂದಿಸಲಿಕ್ಕೆಂದೇ ಎಕ್ಸೆಲ್ ನಡುವೆ ಡಿಫರೆನ್ಷಿಯಲ್ ಇದೆ. ಇದು ಹೆಚ್ಚಿನವರಿಗೆ ಗೊತ್ತು. ಮುಂದಿನ ಜೋಡಿ ಚಕ್ರಗಳು ಹಿಂದಿನ ಜೋಡಿಗಿಂತ ಹೆಚ್ಚು ದೂರ ಓಡುತ್ತವೆ ಎಂಬುದು ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ನುಣ್ಣನೆಯ ಮರಳಿನ ಮೇಲೆ ಗಾಡಿಯನ್ನು ಒಂದು ಸುತ್ತು ತಿರುಗಿಸಿ ನೋಡಿ. ಮುಂದಿನ ಟೈರುಗಳ ಗುರುತು ಹೊರಗಡೆ, ಹಿಂದಿನವುಗಳ ಗುರುತು ಒಳಗಡೆ ಬಿದ್ದಿರುತ್ತದೆ.

ಎಷ್ಟು ವ್ಯತ್ಯಾಸ? ಲೆಕ್ಕ ಹಾಕಿಯೇ ಬಿಡೋಣ. ಮುಂದಿನ ಮತ್ತು ಹಿಂದಿನ ಎಕ್ಸೆಲ್‌ಗಳ ನಡುವೆ 2.4 ಮೀಟರ್ ಅಂತರವಿರುವ ಜೀಪು ಎಂದಿಟ್ಟುಕೊಳ್ಳಿ. ಹಿಂದಿನ ಎಕ್ಸೆಲಿನ ನಡುಭಾಗ 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಓಡಿದರೆ ಮುಂದಿನದು ಸುಮಾರು 5.55 ಮೀಟರ್ ತ್ರಿಜ್ಯದಲ್ಲಿ ಓಡಬೇಕು. ಕಾಲು ಸುತ್ತು ತಿರುಗುವಷ್ಟರಲ್ಲಿ ಹಿಂದಿನದು 7.85 ಮೀಟರ್ ಓಡಿದ್ದರೆ ಮುಂದಿನದು 8.7 ಮೀಟರ್ ದಾಟಿರುತ್ತದೆ. ಒಂದೇ ತಿರುವಿಗೆ 85 ಸೆಂಟಿಮೀಟರಿನಷ್ಟು ವ್ಯತ್ಯಾಸ! ಟೈರಿನ ಸುತ್ತಳತೆ 2.2 ಮೀಟರ್ ಇದ್ದು, ಎಕ್ಸೆಲಿನೊಳಗಿನ ಹಲ್ಲುಗಾಲಿ ಜೋಡಿಯಾದ ಕ್ರೌನ್ ಪಿನಿಯನ್ನಿನ ಅನುಪಾತ ನಾಲ್ಕರ ಸುಮಾರಿಗೆ ಇದ್ದರೆ, ಆ ಕಾಲು ಸುತ್ತಿನಲ್ಲೇ ಎಕ್ಸೆಲಿಗೆ ಶಕ್ತಿ ಒಯ್ಯುವ ಮುಂದಿನ ಪ್ರೊಪೆಲ್ಲರ್ ಶಾಫ್ಟು ಹಿಂದಿನದಕ್ಕಿಂತ ಒಂದೂವರೆ ಸುತ್ತು ಹೆಚ್ಚು ತಿರುಗಬೇಕಾಗುತ್ತದೆ.

ಟೂ ವೀಲ್‌ನಲ್ಲಿ ಇದ್ದಾಗ ಇದರಿಂದ ತೊಂದರೆಯಿಲ್ಲ. ಎಂಜಿನ್ ಶಕ್ತಿ ಹಿಂದಕ್ಕೆ ಮಾತ್ರ ಹೋಗುತ್ತದೆ, ಮುಂದಿನ ಶಾಫ್ಟು ತನ್ನ ಪಾಡಿಗೆ ತಿರುಗಿಕೊಂಡಿರುತ್ತದೆ. ಫೋರ್ ವೀಲ್ ಹಾಕಿದೊಡನೆ ಗೇರ್‌ಬಾಕ್ಸಿನ ಹಿಂದಿರುವ ಟ್ರಾನ್ಸ್‌ಫರ್ ಕೇಸಿನಲ್ಲಿ ಹಲ್ಲುಗಳಿರುವ ಒಂದು ಉಕ್ಕಿನ ಸ್ಲೀವ್ ಸರಿದು ಎರಡೂ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಇದ್ದದ್ದೂ ಈ ಸರಳ ವ್ಯವಸ್ಥೆಯೇ. ಮಹೀಂದ್ರಾ ಕಂಪನಿ 1940ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಿಸಲು ತೊಡಗಿದ ಜೀಪುಗಳಲ್ಲಿಯೂ ಅದೇ ಇತ್ತು. ಇಂದಿನ ಹಲವು ಗಾಡಿಗಳಲ್ಲಿ ಲಿವರಿನ ಬದಲು ಗುಂಡಿ ಬಂದಿರಬಹುದು, ಬಿಗಿಯುವ ಕ್ರಮ ಬದಲಾಗಿಲ್ಲ.

ಹಾಗೆ ಬಿಗಿದ ಮೇಲೆ ಆ ಒಂದೂವರೆ ಸುತ್ತು ಎಲ್ಲಿಗೆ ಹೋಗಬೇಕು? ಕೆಸರಿನಲ್ಲಾದರೆ ಯಾವುದೋ ಒಂದು ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಜಲ್ಲಿಯ ಮೇಲೂ ಹಾಗೆಯೇ. ಒಣ ಟಾರು ಮಾತ್ರ ರಬ್ಬರನ್ನು ಕಚ್ಚಿ ಹಿಡಿಯುತ್ತದೆ, ಸುಲಭಕ್ಕೆ ಜಾರಗೊಡುವುದಿಲ್ಲ. ಮುಂದಿನ ಶಾಫ್ಟು ಓಡಲು ನೋಡುತ್ತದೆ, ಹಿಂದಿನದು ಅದನ್ನು ಹಿಡಿದು ನಿಲ್ಲಿಸುತ್ತದೆ. ಈ ಜಗ್ಗಾಟದಲ್ಲಿ ಶಾಫ್ಟುಗಳು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತವೆ, ಟೈರುಗಳು ನೆಲ ಹಿಡಿದ ಜಾಗದಲ್ಲಿ ಸೊಟ್ಟಗಾಗುತ್ತವೆ, ಸ್ಲೀವಿನ ಹಲ್ಲುಗಳು ಎದುರು ಹಲ್ಲುಗಳಿಗೆ ಬಲವಾಗಿ ಒತ್ತಿಕೊಂಡು ನಿಲ್ಲುತ್ತವೆ. ಅಷ್ಟು ಒತ್ತಡದಲ್ಲಿರುವ ಉಕ್ಕಿನ ಮುಖಗಳನ್ನು ಅಡ್ಡಕ್ಕೆ ಸರಿಸಲು ಕೈಯ ಬಲ ಸಾಲದು. ಹಗ್ಗ ಜಗ್ಗುತ್ತಿರುವ ಹಸುವಿನ ಗೂಟದ ಗಂಟು ಬಿಚ್ಚಲು ಹೋದವರಿಗೆ ಇದು ಗೊತ್ತು: ಗಂಟಿನ ಜೊತೆ ಗುದ್ದಾಡಿ ಫಲವಿಲ್ಲ, ಹಸುವನ್ನು ಎರಡು ಹೆಜ್ಜೆ ಗೂಟದ ಕಡೆ ನಡೆಸಬೇಕು.

ಗಾಡಿಯಲ್ಲಿ ಆ ಎರಡು ಹೆಜ್ಜೆ ಎಂದರೆ ರಿವರ್ಸ್. ಆದರೆ ಹೇಗೆ ಬೇಕೋ ಹಾಗೆ ಅಲ್ಲ. ಯಾವ ತಿರುವಿನಲ್ಲಿ ಬಿಗಿಯಾಯಿತೋ ಅದೇ ಕಡೆಗೆ, ಸ್ಟೇರಿಂಗನ್ನು ಅಷ್ಟೇ ತಿರುಗಿಸಿಟ್ಟು, ಬಂದ ಹಾದಿಯಲ್ಲೇ ನಿಧಾನಕ್ಕೆ ಹಿಂದೆ ಹೋಗಬೇಕು. ಮುಂದೆ ಬರುವಾಗ ಮುಂಚಕ್ರಗಳು ಹೆಚ್ಚು ಓಡಲು ನೋಡಿದ್ದರಿಂದ ತಿರುಚು ಸೇರಿತ್ತು. ಅದೇ ಬಾಗಿನಲ್ಲಿ ಹಿಂದೆ ಹೋಗುವಾಗ ಅವು ಹಿಂದಕ್ಕೂ ಅಷ್ಟೇ ಹೆಚ್ಚು ಓಡುತ್ತವೆ, ಸೇರಿದ ತಿರುಚು ಬಿಚ್ಚಿಕೊಳ್ಳುತ್ತದೆ. ತಿರುಚು ಸೊನ್ನೆಯಾಗುವ ಒಂದು ಕ್ಷಣದಲ್ಲಿ ಹಲ್ಲುಗಳ ಮೇಲೆ ಒತ್ತಡವೇ ಇರುವುದಿಲ್ಲ. ಆ ಕ್ಷಣ ಯಾವುದೆಂದು ಹೊರಗಿನಿಂದ ತಿಳಿಯದು. ಆದ್ದರಿಂದ ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಒತ್ತಿ, ಗಾಡಿ ತೆವಳುತ್ತಿರುವಾಗಲೇ ಲಿವರಿನ ಮೇಲೆ ಹಗುರಾಗಿ ಕೈಯಿಟ್ಟು ತಳ್ಳುತ್ತಿರಬೇಕು. ಕ್ಷಣ ಬಂದಾಗ ಲಿವರು ತಾನೇ ‘ಟಕ್’ ಎಂದು ಜಾರುತ್ತದೆ. ಘಾಟಿಯಲ್ಲಿ ರಿವರ್ಸ್ ಹೋಗಲು ಜಾಗವಿಲ್ಲದಿದ್ದರೆ ಎರಡು ಚಕ್ರವನ್ನಾದರೂ ರಸ್ತೆಯಂಚಿನ ಮಣ್ಣಿಗೆ ಇಳಿಸಿ ನಾಲ್ಕಾರು ಮೀಟರ್ ನೇರಕ್ಕೆ ಓಡಿಸಬಹುದು. ಜಾರಲು ನೆಲ ಸಿಕ್ಕರೆ ಸಾಕು.

ಅದೂ ಆಗದಿದ್ದರೆ ಜಾಕ್. ಸಮತಟ್ಟು ಜಾಗದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಒಂದು ಚಕ್ರವನ್ನು ನೆಲದಿಂದ ಮೇಲೆತ್ತಬೇಕು. ಎತ್ತುತ್ತಿದ್ದಂತೆ ಸಿಕ್ಕಿಕೊಂಡಿದ್ದ ಬಲ ಒಮ್ಮೆಲೇ ಬಿಡುಗಡೆಯಾಗಿ ಆ ಚಕ್ರ ಗಿರಕ್ಕನೆ ತಿರುಗಬಹುದು. ದಯವಿಟ್ಟು ಕೈ ಅದರ ಹತ್ತಿರ ಇಡಬೇಡಿ, ಜಾಕಿನ ಮೇಲಿರುವ ಗಾಡಿಯ ಕೆಳಗೆ ಯಾರನ್ನೂ ನುಸುಳಲು ಬಿಡಬೇಡಿ.

ಈ ಜಾಕ್ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಹಳೆಯ ಮಾದರಿಯ ಜೀಪಾಗಿದ್ದು, ಚಕ್ರವನ್ನು ಎಕ್ಸೆಲಿಗೆ ಸೇರಿಸುವ ಮುಂದಿನ ಹಬ್‌ಗಳು ಲಾಕ್ ಆಗಿದ್ದರೆ, ಗೇರನ್ನು ನ್ಯೂಟ್ರಲ್‌ಗೆ ತಂದು ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬಹುದು. ಫೋರ್ ವೀಲ್ ನಿಜಕ್ಕೂ ಬಿಟ್ಟಿದ್ದರೆ ಚಕ್ರ ತಿರುಗುತ್ತದೆ, ಜೊತೆಗೆ ಮುಂದಿನ ಶಾಫ್ಟೂ ತಿರುಗುತ್ತದೆ. ಬಿಟ್ಟಿಲ್ಲವೆಂದರೆ ಹಿಂದಿನ ಚಕ್ರಗಳು ನೆಲ ಹಿಡಿದಿರುವುದರಿಂದ ಅದು ಜಗ್ಗುವುದಿಲ್ಲ. ಡ್ಯಾಶ್‌ಬೋರ್ಡಿನ ದೀಪಕ್ಕಿಂತ ಇದು ನಂಬಿಕಸ್ಥ. ದೀಪ ಹೊತ್ತಿಸುವ ಸಣ್ಣ ಸ್ವಿಚ್ಚು ಕೆಸರು ಕೂತು ಸಿಕ್ಕಿಕೊಂಡು, ಬಿಟ್ಟುಹೋದ ಫೋರ್ ವೀಲನ್ನೂ ಹಾಕಿದೆ ಎಂದೇ ತೋರಿಸುವುದುಂಟು. ಇಲ್ಲದ ಕಾಯಿಲೆಗೆ ಟ್ರಾನ್ಸ್‌ಫರ್ ಕೇಸ್ ಬಿಚ್ಚಿಸಿ ಹಣ ಕಳೆದುಕೊಳ್ಳುವ ಮೊದಲು ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ನೇರ ರಸ್ತೆಯಲ್ಲಿ ಓಡಿಸಿದರೂ ಪದೇಪದೇ ಬಿಗಿಯಾಗುತ್ತಿದ್ದರೆ ಅನುಮಾನ ಟೈರಿನ ಮೇಲೆ ಹೋಗಬೇಕು. ಮುಂದೆ ಎರಡು ಹೊಸ ಟೈರು, ಹಿಂದೆ ಸವೆದವು ಎಂದು ಹಾಕಿಸಿಕೊಳ್ಳುವುದು ನಮ್ಮಲ್ಲಿ ಬಹಳ ಸಾಮಾನ್ಯ. 35 ಸೆಂಟಿಮೀಟರ್ ತ್ರಿಜ್ಯದ ಟೈರಿನಲ್ಲಿ 5 ಮಿಲಿಮೀಟರ್ ಸವೆದರೆ ನೂರು ಮೀಟರ್ ಓಟಕ್ಕೆ ಹೆಚ್ಚುಕಡಿಮೆ ಒಂದೂವರೆ ಮೀಟರಿನ ವ್ಯತ್ಯಾಸ ಬೀಳುತ್ತದೆ, ಯಾವ ತಿರುವೂ ಇಲ್ಲದೆಯೇ. ಗಾಳಿ ಹೆಚ್ಚುಕಡಿಮೆಯಾದರೂ ಸಣ್ಣ ಪ್ರಮಾಣದಲ್ಲಿ ಹೀಗೇ.

ಹಳೆ ಜೀಪುಗಳಲ್ಲಿ ಇದಕ್ಕಿಂತ ದೊಡ್ಡ ಎಡವಟ್ಟೊಂದು ಅಡಗಿರಬಹುದು. ಹಿಂದಿನ ಕ್ರೌನ್ ಪಿನಿಯನ್ ಹೋದಾಗ ಗುಜರಿಯಿಂದ ಸಿಕ್ಕಿದ್ದೊಂದನ್ನು ತಂದು ಕೂರಿಸಿರುತ್ತಾರೆ. ವಿಲ್ಲಿಸ್ ವಂಶದ ಜೀಪುಗಳಿಗೆ 43 ಹಲ್ಲಿಗೆ 8 ಹಲ್ಲಿನ ಜೋಡಿ ಬಂದದ್ದಿದೆ, 39ಕ್ಕೆ 8ರ ಜೋಡಿಯೂ ಬಂದದ್ದಿದೆ. ಮೊದಲನೆಯದರ ಅನುಪಾತ 5.38, ಎರಡನೆಯದರದು 4.88. ಮುಂದೆ ಒಂದು, ಹಿಂದೆ ಇನ್ನೊಂದು ಸೇರಿಕೊಂಡರೆ ಪ್ರತಿ ಹತ್ತು ಮೀಟರಿಗೆ ಒಂದು ಮೀಟರ್ ಜಗಳ. ಟೂ ವೀಲ್‌ನಲ್ಲಿ ವರ್ಷಗಟ್ಟಲೆ ಓಡಿಸಿದರೂ ಇದು ಗೊತ್ತಾಗುವುದಿಲ್ಲ. ಫೋರ್ ವೀಲ್ ಹಾಕಿದ ದಿನವೇ ಬಯಲಾಗುತ್ತದೆ. ಹಳೆ ಜೀಪು ಕೊಳ್ಳುವವರು ಎರಡೂ ಹೌಸಿಂಗ್ ಬಿಚ್ಚಿಸಿ ಹಲ್ಲು ಎಣಿಸಿಯೇ ಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕೆ.

ತಿರುಚೂ ಇಲ್ಲ, ಟೈರೂ ಸರಿಯಿದೆ ಎಂದಾದ ಮೇಲಷ್ಟೇ ಭಾಗಗಳ ಕಡೆ ನೋಡಬೇಕು. ಲಿವರಿನಿಂದ ಕೆಳಗೆ ಹೋಗುವ ರಾಡುಗಳು ಹೊಳೆ ದಾಟಿದ ನೀರಿಗೆ ತುಕ್ಕು ಹಿಡಿದು ಕೂತಿರಬಹುದು. ಮಳೆಗಾಲದಲ್ಲಿ ಮಾತ್ರ ಬಳಸಿ ಉಳಿದಷ್ಟು ದಿನ ಮುಟ್ಟದೇ ಬಿಡುವ ತೋಟದ ಗಾಡಿಗಳ ಕಾಯಿಲೆ ಇದು. ತಿಂಗಳಿಗೊಮ್ಮೆ ಮಣ್ಣುರಸ್ತೆಯಲ್ಲಿ ಹತ್ತು-ಹದಿನೈದು ಕಿಲೋಮೀಟರ್ ಫೋರ್ ವೀಲ್‌ನಲ್ಲಿ ಓಡಿಸಿದರೆ ರಾಡೂ ಸಡಿಲವಾಗಿರುತ್ತದೆ, ಒಳಗಿನ ಬೇರಿಂಗುಗಳಿಗೂ ಆಯಿಲ್ ಮುಟ್ಟುತ್ತದೆ. ಆಟೊಮ್ಯಾಟಿಕ್ ಹಬ್ ಇರುವ ಗಾಡಿಗಳಲ್ಲಿ ಲಿವರ್ ಬಿಟ್ಟ ಮೇಲೂ ಕೆಲವು ಮೀಟರ್ ಹಿಂದಕ್ಕೆ ಹೋದರಷ್ಟೇ ಹಬ್ ಕಳಚಿಕೊಳ್ಳುತ್ತದೆ. ವ್ಯಾಕ್ಯೂಮ್‌ನಿಂದ ಫೋರ್ ವೀಲ್ ಹಾಕಿ ಬಿಡುವ ಗಾಡಿಗಳಲ್ಲಿ ಬಿರುಕು ಬಿಟ್ಟ ಒಂದು ರಬ್ಬರ್ ಟ್ಯೂಬ್ ಸಾಕು ಇಡೀ ವ್ಯವಸ್ಥೆ ನಿಲ್ಲಿಸಲು. ಗುಂಡಿ ಒತ್ತುವ ಗಾಡಿಗಳಲ್ಲಿ ಸ್ಲೀವನ್ನು ಸರಿಸುವುದು ಒಂದು ಸಣ್ಣ ಮೋಟಾರು; ದೀಪ ಮಿಣುಕುತ್ತಲೇ ಇದೆಯೆಂದರೆ ಮೋಟಾರು ಹೊರಟ ಕೆಲಸ ಮುಗಿದಿಲ್ಲ ಎಂದರ್ಥ. ಆಗಲೂ ಮೊದಲು ರಿವರ್ಸ್ ಹೋಗಿ ನೋಡಿ, ಆಮೇಲೆ ಫ್ಯೂಸು, ವೈರು. ಕೊನೆಯದಾಗಿ ಉಳಿಯುವುದು ಸ್ಲೀವನ್ನು ಹಿಡಿದಿರುವ ಫೋರ್ಕ್. ಅದು ಬಾಗಿದ್ದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚದೆ ದಾರಿಯಿಲ್ಲ. ಅದು ಬಾಗಲು ಮುಖ್ಯ ಕಾರಣ ನಾನು ಆಗಲೇ ಹೇಳಿದ ಒದೆತ.

ಏನು ಮಾಡಿದರೂ ಬಿಡಲಿಲ್ಲ, ಊರು ಇನ್ನೂ ದೂರ ಇದೆ ಎಂದಾಗ ಹಾಗೆಯೇ ಘಾಟಿ ಇಳಿಸುವುದು ತರವಲ್ಲ. ಪ್ರತಿ ಹೇರ್‌ಪಿನ್ ತಿರುವಿನಲ್ಲೂ ಶಾಫ್ಟಿನ ಜಾಯಿಂಟ್ ಕ್ರಾಸ್‌ಗಳು ಏಟು ತಿನ್ನುತ್ತವೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೆ ನುಗ್ಗಲು ನೋಡುತ್ತದೆ. ಕೈಯಿಂದ ತಿರುಗಿಸುವ ಹಬ್ ಇದ್ದರೆ ಎರಡನ್ನೂ ಫ್ರೀ ಮಾಡಿ. ಲಿವರ್ ಸಿಕ್ಕಿಕೊಂಡಿದ್ದರೂ ಚಕ್ರಗಳು ಬಿಡುಗಡೆಯಾಗುತ್ತವೆ. ಅಂಥ ಹಬ್ ಇಲ್ಲದ, ಬೇಕಾದಾಗ ಮಾತ್ರ ಹಾಕುವ ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಗಾಡಿಯೊಳಗೆ ಹಾಕಿಕೊಂಡು ಹಿಂಚಕ್ರದಲ್ಲಿ ಊರು ಸೇರಬಹುದು. ಎರಡೂ ತುದಿಯ ಬೋಲ್ಟು ಬಿಚ್ಚಲು ಸರಿಯಾದ ಸ್ಪ್ಯಾನರ್ ಇರಬೇಕು, ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಸುವ, ನಡುವೆ ಮತ್ತೊಂದು ಡಿಫರೆನ್ಷಿಯಲ್ ಇರುವ ಗಾಡಿಗಳಿಗೆ ಈ ಉಪಾಯ ನಡೆಯದು. ಅಲ್ಲಿ ಶಾಫ್ಟ್ ಬಿಚ್ಚಿದರೆ ಶಕ್ತಿಯೆಲ್ಲ ಬಿಚ್ಚಿದ ಕಡೆಗೇ ಹರಿದುಹೋಗಿ, ನಡುವಿನ ಲಾಕ್ ಹಾಕದ ಹೊರತು ಗಾಡಿ ನಿಂತಲ್ಲೇ ನಿಲ್ಲುತ್ತದೆ.