ಫೋನಿನೊಳಗಿನ ಮೇಷ್ಟರು

ಹೋದ ದೀಪಾವಳಿಯ ದಿನ ಹಾಸನದ ಕಡೆಯ ನಮ್ಮೂರಿನಿಂದ ನಮ್ಮ ತಾಯಿಯವರು ಫೋನಿನಲ್ಲಿ ಮುಖ ತೋರಿಸಿ ಮಾತಾಡಿದರು. ನಮ್ಮ ಮಗಳಿಗೆ ಆಗತಾನೆ ನಾಲ್ಕು ತುಂಬಿತ್ತು. ದೆಹಲಿಯಲ್ಲಿ ಹುಟ್ಟಿ, ಇಲ್ಲಿನ ಸರ್ಕಾರೀ ವಸತಿಗೃಹದ ಅಂಗಳದಲ್ಲೇ ಆಡಿ ಬೆಳೆಯುತ್ತಿರುವ ಮಗು. ಅಜ್ಜಿಗೆ ಸಂತೋಷವಾಗಲೆಂದು 'ಹಾಡು ಹೇಳು' ಎಂದೆವು. ಮಗು ಮೂರು ಕನ್ನಡ ಶಿಶುಗೀತೆಗಳನ್ನು ರಾಗ ತಪ್ಪದೆ, ಕೈ ಕುಣಿಸುತ್ತ ಹೇಳಿತು. ಎಲ್ಲವೂ ವಿಡಿಯೊ ಚಾನೆಲಿನಿಂದ ಕಲಿತದ್ದು. ನಮ್ಮ ಎದೆ ಒಂದಂಗುಲ ಉಬ್ಬಿತು. ಅಜ್ಜಿ ಹಿಗ್ಗಿಹೋಗಿ, "ಜಾಣೆ ಕಣೇ ನನ್ನವ್ವ! ಇವತ್ತು ಏನು ಊಟ ಮಾಡ್ದೆ?" ಎಂದು ಕೇಳಿದರು. ಮಗು ನಮ್ಮ ಮುಖ ನೋಡಿ, ಅಜ್ಜಿ ಏನು ಕೇಳುತ್ತಿದ್ದಾರೆಂದು ಹಿಂದಿಯಲ್ಲಿ ವಿಚಾರಿಸಿತು.

ಉಬ್ಬಿದ್ದು ಇಳಿಯಲು ಅಷ್ಟು ಸಾಕಾಯಿತು.

ಬರೆಯಲು ನಾಚಿಕೆಯಾಗುತ್ತದೆ, ಆದರೆ ತಪ್ಪು ನಮ್ಮದೇ. ಗಂಡ ಹೆಂಡಿರಿಬ್ಬರೂ ಬೆಳಗ್ಗೆ ಕಚೇರಿಗೆ ಹೊರಡುವವರು. ಮಗು ಹಗಲೆಲ್ಲ ಶಿಶುವಿಹಾರದಲ್ಲಿ. ಅಲ್ಲಿಯ ಆಯಾಗಳ ಮಾತು ಹಿಂದಿ. ಸಂಜೆ ಅದು ಹಿಂದಿಯಲ್ಲಿ ಕೇಳಿದ್ದಕ್ಕೆ ನಾವೂ ಹಿಂದಿಯಲ್ಲೇ ಉತ್ತರ ಕೊಡುವುದು ರೂಢಿಯಾಗಿಬಿಟ್ಟಿತ್ತು. ಕನ್ನಡದ ಕೆಲಸವನ್ನು ಫೋನಿಗೆ ವಹಿಸಿ ನಾವು ಅಡಿಗೆಮನೆ ಸೇರುತ್ತಿದ್ದೆವು. 'ಹೇಗೂ ಕನ್ನಡದ್ದೇ ನೋಡುತ್ತಿದೆಯಲ್ಲ' ಎಂಬ ಸಮಾಧಾನ ಬೇರೆ! ಸಂಘದ ಕೂಟಗಳಲ್ಲಿ ವಿಚಾರಿಸಿದರೆ ಹಲವು ಮನೆಗಳ ಕಥೆ ಇದೇ. 'ಒಳ್ಳೆಯ ಚಾನೆಲ್ ಯಾವುದು ಹೇಳ್ರೀ' ಎಂದು ತಾಯಂದಿರು ಒಬ್ಬರನ್ನೊಬ್ಬರು ಕೇಳುವುದೂ ಉಂಟು.

ಕಡತ ನೋಡಿ ಟಿಪ್ಪಣಿ ಬರೆಯುವುದು ನಮ್ಮ ವೃತ್ತಿ. ಇದನ್ನೂ ಒಂದು ಕಡತವೆಂದು ಭಾವಿಸಿ, ನಾವೂ ನಮ್ಮ ಮನೆಯವರೂ ಒಂದು ತಿಂಗಳು ಮಗುವಿನ ಪಕ್ಕದಲ್ಲೇ ಕುಳಿತು ಅದು ನೋಡುವುದನ್ನೆಲ್ಲ ನೋಡಿದೆವು. ಮೊದಲ ವಾರದಲ್ಲೇ ನಮಗೆ ತಲೆನೋವು ಬಂತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಕೆಲವು ವಿಡಿಯೊಗಳಲ್ಲಿ ಎರಡು ಮೂರು ಸೆಕೆಂಡಿಗೊಮ್ಮೆ ಚಿತ್ರ ಬದಲಾಗುತ್ತದೆ. ಆನೆ ಬಂತು ಎನ್ನುವುದರೊಳಗೆ ಆನೆ ಹೋಯಿತು. ಮಗು ಬಾಯಿ ತೆರೆದು ನೋಡುತ್ತದೆ, ಸರಿಯೆ. ಜಾತ್ರೆಯ ಗಿರಗಟ್ಟೆಯನ್ನೂ ಹಾಗೆಯೇ ನೋಡುತ್ತದೆ. ಇನ್ನು ಕೆಲವದರ ಕನ್ನಡ ಇಂಗ್ಲಿಷಿನಿಂದ ಹೊತ್ತು ತಂದದ್ದು. 'ದುಂಡಗೆ' ಎಂಬುದು ಬಾರದ ಮಗುವಿಗೆ 'ವೃತ್ತಾಕಾರ' ಕಲಿಸುತ್ತಾರೆ. ಎಮ್ಮೆಯ ಪರಿಚಯವಾಗುವ ಮೊದಲೇ ಹಿಮಕರಡಿಯ ಪರಿಚಯವಾಗುತ್ತದೆ. ಒಂದು ದಿನ ಸಂಖ್ಯೆಗಳ ಪಾಠ ಮುಗಿಯುತ್ತಲೇ, ಯಾರೋ ಆಟದ ಸಾಮಾನಿನ ಪೆಟ್ಟಿಗೆ ಬಿಚ್ಚಿ ತೋರಿಸುವ ವಿಡಿಯೊ ತಾನಾಗಿಯೇ ಬಂತು. ಅಂದಿನಿಂದ ಮಗುವಿಗೆ ಆ ಪೆಟ್ಟಿಗೆಯದೇ ಜಪ. ಬೆಲೆ ನೋಡಿ ನಾವು ಮೌನವಹಿಸಿದೆವು.

ಒಳ್ಳೆಯವೂ ಇಲ್ಲದಿಲ್ಲ. ಒಂದು ಚಾನೆಲಿನಲ್ಲಿ ಒಬ್ಬ ಹೆಂಗಸು ಸುಮ್ಮನೆ ಕುಳಿತು, ಪುಸ್ತಕ ಹಿಡಿದು, ನಿಧಾನವಾಗಿ ಕಥೆ ಹೇಳುತ್ತಾರೆ. ಪ್ರಶ್ನೆ ಕೇಳಿ ತುಸು ಹೊತ್ತು ಕಾಯುತ್ತಾರೆ. ಆ ಕಾಯುವಿಕೆ ಬಹು ಬೆಲೆಯುಳ್ಳದ್ದು. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ 'ಬ್ಲೂಸ್ ಕ್ಲೂಸ್' ಎಂಬ ಮಕ್ಕಳ ಟಿವಿ ಕಾರ್ಯಕ್ರಮದವರು ಇದನ್ನು ಬೇಕೆಂದೇ ಮಾಡಿದರು: ಕೇಳುವುದು, ಮಗು ಉತ್ತರಿಸುವಷ್ಟು ಹೊತ್ತು ಸುಮ್ಮನಿರುವುದು. ಅಷ್ಟೇ ಅಲ್ಲದೆ ಒಂದೇ ಕಂತನ್ನು ವಾರದ ಐದು ದಿನವೂ ತೋರಿಸುತ್ತಿದ್ದರು. ನೋಡಿದ್ದನ್ನೇ ನೋಡುವ ಮಕ್ಕಳನ್ನು ನಾವು ಗದರಿಸುತ್ತೇವೆ. ಹೊಸದು ಬೇಕೆಂಬ ಚಪಲ ವಾಸ್ತವವಾಗಿ ದೊಡ್ಡವರದು.

ಆದರೂ ದೀಪಾವಳಿಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಮೂರು ಹಾಡು ಬಾಯಿಪಾಠವಾದ ಮಗುವಿಗೆ 'ಏನು ಊಟ ಮಾಡ್ದೆ' ಏಕೆ ತಿಳಿಯಲಿಲ್ಲ?

ಇದಕ್ಕೆ ಸಮೀಪದ ಒಂದು ಪರೀಕ್ಷೆಯನ್ನು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಪೆಟ್ರಿಷಿಯಾ ಕೂಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ನಡೆಸಿ 2003ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳು. ಕೆಲವು ಕೂಸುಗಳೊಡನೆ ಚೀನೀ ಭಾಷೆಯವರು ಎದುರಿಗೆ ಕುಳಿತು 12 ಸಲ ಆಟವಾಡಿ, ಪುಸ್ತಕ ಓದಿದರು. ಬೇರೆ ಕೂಸುಗಳಿಗೆ ಅದೇ ಜನ, ಅದೇ ಮಾತು, ಅಷ್ಟೇ ಸಲ. ಆದರೆ ಟಿವಿ ಪರದೆಯ ಮೇಲೆ. ಎದುರಿಗೆ ಕೇಳಿದ ಕೂಸುಗಳು ಚೀನೀ ಭಾಷೆಯ ಧ್ವನಿಗಳ ಸೂಕ್ಷ್ಮ ಭೇದವನ್ನು ಹಿಡಿದವು. ಪರದೆಯಲ್ಲಿ ನೋಡಿದವು ಆ ಭಾಷೆಯನ್ನು ಕೇಳಿಯೇ ಇರದ ಕೂಸುಗಳಿಗಿಂತ ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ. ನಮ್ಮ ಮಗು 'ಬಾಳೆಹಣ್ಣ'ನ್ನು 'ಬಾಲೆಹಣ್ಣು' ಎನ್ನುವಾಗಲೆಲ್ಲ ಈ ಚೀನೀ ಪಾಠದ ನೆನಪಾಗುತ್ತದೆ.

ಅದು ಎಳೆಗೂಸುಗಳ ಮಾತಾಯಿತು; ನಾಲ್ಕು ವರ್ಷದವು ವಿಡಿಯೊದಿಂದ ಅಕ್ಷರ, ಎಣಿಕೆ, ಹಾಡುಗಳನ್ನು ಕಲಿಯಬಲ್ಲವು. ಆದರೆ 2014ರಲ್ಲಿ ಅಮೆರಿಕದಲ್ಲೇ ಪ್ರಕಟವಾದ ಇನ್ನೊಂದು ಪರೀಕ್ಷೆಯನ್ನು ನೋಡಿ. ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ಬಗೆಯಲ್ಲಿ ಕಲಿಸಿದರು: ಎದುರಿಗೆ ಕುಳಿತು, ವಿಡಿಯೊ ಕರೆಯ ಮೂಲಕ, ಮೊದಲೇ ತೆಗೆದಿಟ್ಟ ವಿಡಿಯೊ ಮೂಲಕ. ಮೊದಲೆರಡರಲ್ಲಿ ಮಕ್ಕಳು ಕಲಿತವು, ಮೂರನೆಯದರಲ್ಲಿ ಕಲಿಯಲಿಲ್ಲ. ಪರದೆ ಒಂದೇ ಬಗೆಯದು. ಆದರೆ ಒಂದರಲ್ಲಿ ಮಗು ನಕ್ಕರೆ ಆಚೆಯವರೂ ನಗುತ್ತಾರೆ. ಇನ್ನೊಂದರಲ್ಲಿ ಮಗು ಅತ್ತರೂ ಹಾಡು ನಿಲ್ಲುವುದಿಲ್ಲ.

ಇದನ್ನೋದಿದ ಮೇಲೆ ಮನೆಯ ವ್ಯವಸ್ಥೆ ಕೊಂಚ ಬದಲಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಲೇಸು ಎಂದಿದೆ. ಒಂದು ವರ್ಷದೊಳಗಿನವರಿಗೆ ಬೇಡವೇ ಬೇಡ. ನಾವು ಅರ್ಧ ಗಂಟೆಗೆ ಇಳಿಸಿದೆವು. 'ಯೂಟ್ಯೂಬ್ ಕಿಡ್ಸ್'ನಲ್ಲಿ ತಂದೆತಾಯಿಗಳು ಆರಿಸಿ ಒಪ್ಪಿದ್ದು ಮಾತ್ರ ಕಾಣಿಸುವಂತೆ ಮಾಡಬಹುದು. ಹಾಗೆ ಮಾಡಿ, ಆ ಕಥೆ ಹೇಳುವ ಹೆಂಗಸಿನದನ್ನೂ ಇನ್ನೆರಡು ಚಾನೆಲುಗಳನ್ನೂ ಉಳಿಸಿಕೊಂಡೆವು. ಪಕ್ಕದಲ್ಲಿ ನಾವಿಬ್ಬರಲ್ಲಿ ಒಬ್ಬರು ಕೂತು, 'ಈ ಹಸು ಏನು ತಿಂತಾ ಇದೆ?' ಎಂದು ಕನ್ನಡದಲ್ಲೇ ಕೇಳುತ್ತೇವೆ. ಹೊಸ ಚಾನೆಲು ಬಂದರೆ ನಮ್ಮ ಪರೀಕ್ಷೆ ಒಂದೇ: ಫೋನು ಆರಿಸಿದ ಮೇಲೆ ಮಗು ಅದರ ಕಥೆಯನ್ನು ಆಟದಲ್ಲಿ ತರುತ್ತದೆಯೊ, ಇನ್ನೊಂದು ಹಾಕೆಂದು ಅಳುತ್ತದೆಯೊ? ಅಳುವಂಥದು ಎರಡು ದಿನದಲ್ಲಿ ಮನೆ ಬಿಡುತ್ತದೆ. ಹಿಂದಿಯ ಪ್ರಶ್ನೆಗೆ ಕನ್ನಡದ ಉತ್ತರ ಕೊಡುವ ನಿಯಮವನ್ನೂ ಮಾಡಿಕೊಂಡಿದ್ದೇವೆ. ಅದನ್ನು ಹೆಚ್ಚಾಗಿ ಮುರಿಯುವವರು ನಾವೇ ಎಂದು ಮನೆಯವರ ಆಕ್ಷೇಪಣೆ.

ಉಳಿದ ಅರ್ಧ ಗಂಟೆ ಅಜ್ಜಿಗೆ ಸಂದಿದೆ. ಹಬ್ಬಕ್ಕೊಮ್ಮೆ ಇದ್ದ ಕರೆ ಈಗ ದಿನಾ ಸಂಜೆ ಏಳಕ್ಕೆ. ಅವರಿಗೆ ಪಾಠಕ್ರಮವೇನೂ ಇಲ್ಲ. ಅವರೆಕಾಯಿ ಸುಲಿಯುತ್ತ, ಎಷ್ಟಾಯಿತು ಎಣಿಸೆನ್ನುತ್ತಾರೆ. ಕೊಟ್ಟಿಗೆಯ ಕರುವನ್ನು ತೋರಿಸಿ ಅದಕ್ಕೆ ಹೆಸರಿಡಲು ಹೇಳುತ್ತಾರೆ. ಫೋನನ್ನು ಎಲ್ಲಿಯೋ ಒರಗಿಸಿ ಮರೆಯುವುದು ಮಾತ್ರ ಅವರಿಂದ ತಪ್ಪುವುದಿಲ್ಲ. ಮೊನ್ನೆ ಹೀಗೆಯೇ ಪರದೆಯ ತುಂಬ ಊರ ಮನೆಯ ಫ್ಯಾನು ತಿರುಗುತ್ತಿತ್ತು. ನಾವು ಒಳಗೆ ಅನ್ನ ಬಸಿಯುತ್ತಿದ್ದೆವು. ನಡುಮನೆಯಿಂದ ಕೂಗು ಕೇಳಿಸಿತು:

"ಅಜ್ಜೀ, ಬರೀ ಫ್ಯಾನು ಕಾಣ್ತಾ ಇದೆ! ಫೋನ್ ನೆಟ್ಟಗೆ ಹಿಡ್ಕೋ!"