ಬೆಲ್ಟಿನ ಬಣ್ಣ ಕೇಳಿದರೆ ಸಾಲದು

ಮಗಳು ಕರಾಟೆ ಕ್ಲಾಸಿಗೆ ಹೋಗ್ತಾಳೆ ಎನ್ನುವಾಗ ನಮ್ಮ ಉಮ್ಮಂದಿರ ಮುಖದಲ್ಲಿ ಈಗ ಹೆಮ್ಮೆ ಕಾಣುತ್ತದೆ. ಒಳ್ಳೆಯದೇ. ಆದರೆ ಯಾವ ಬೆಲ್ಟ್ ಎಂದು ಕೇಳುವ ನಾವು, ಯಾರಾದರೂ ಕೈ ಹಿಡಿದರೆ ಬಿಡಿಸಿಕೊಳ್ಳಲು ಬರುತ್ತದಾ ಎಂದು ಕೇಳುವುದು ಕಡಿಮೆ.

ಕರಾಟೆ ಎಂದರೆ ಬರಿಗೈ. ಒಕಿನಾವಾ ದ್ವೀಪದ ಈ ವಿದ್ಯೆಯನ್ನು ಶಾಲಾ ಮಾಸ್ತರ್ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶಿಸಿದರು. ಕಲಿತವನು ತಾನಾಗಿ ಮೊದಲು ಕೈ ಮಾಡಬಾರದು ಎಂಬುದು ಅವರ ಪಾಠದ ತಿರುಳು.

ಆತ್ಮರಕ್ಷಣೆಯಲ್ಲಿ ಹೊಡೆತಕ್ಕಿಂತ ಮೊದಲು ಬರುವುದು ದೂರ. ಅಪರಿಚಿತ ಎರಡು ತೋಳಿನಷ್ಟು ಹತ್ತಿರ ಬರುವ ಮೊದಲೇ ಹಿಂದೆ ಸರಿಯಬೇಕು, ಎರಡೂ ಅಂಗೈ ಮುಖದ ಮಟ್ಟಕ್ಕೆ ಎತ್ತಿ "ದೂರ ನಿಲ್ಲಿ" ಎಂದು ಗಟ್ಟಿಯಾಗಿ ಕೂಗಬೇಕು. ನೋಡುವವರಿಗೆ ಅದು ಜಗಳದ ಭಂಗಿಯಲ್ಲ, ಆದರೆ ಕೈ ಆಗಲೇ ಮುಖ ಕಾಯುತ್ತಿರುತ್ತದೆ.

ಮಣಿಕಟ್ಟು ಹಿಡಿದರೋ? ಹೆಚ್ಚಿನ ಮಕ್ಕಳು ನೇರ ಹಿಂದಕ್ಕೆ ಎಳೆಯುತ್ತಾರೆ. ಅಲ್ಲಿ ಬಲ ಇದ್ದವನೇ ಗೆಲ್ಲುತ್ತಾನೆ. ಹಿಡಿದವನ ಹೆಬ್ಬೆರಳಿನ ತುದಿ ಮತ್ತು ಉಳಿದ ಬೆರಳುಗಳು ಸೇರುವ ಜಾಗವೇ ಹಿಡಿತದ ದುರ್ಬಲ ಭಾಗ. ಮಣಿಕಟ್ಟಿನ ತೆಳುವಾದ ಅಂಚನ್ನು ಅತ್ತ ತಿರುಗಿಸಿ, ಮೊಣಕೈ ಮಡಚಿ, ಇಡೀ ಮೈ ತಿರುಗಿಸಿ ಜಗ್ಗಿದರೆ ಕೈ ಬಿಡುತ್ತದೆ. ಆಮೇಲೆ ಅಲ್ಲಿ ನಿಲ್ಲಬಾರದು, ಜನ ಇರುವ ಕಡೆ ಓಡಬೇಕು. ಇದನ್ನು ಅಣ್ಣನೋ ಗೆಳತಿಯೋ ನಿಜವಾಗಿ ಗಟ್ಟಿ ಹಿಡಿದು ಅಭ್ಯಾಸ ಮಾಡಿಸಬೇಕು. ಗಾಳಿಯಲ್ಲಿ ಕೈ ಬೀಸಿ ಕಲಿತದ್ದು ಗಾಬರಿಯಲ್ಲಿ ಮರೆತುಹೋಗುತ್ತದೆ.

ಹೊಡೆಯಲೇಬೇಕಾಗಿ ಬಂದರೆ ಮುಷ್ಟಿಗಿಂತ ಅಂಗೈಯ ಬುಡ ಒಳ್ಳೆಯದು. ತಲೆಬುರುಡೆಗೆ ಗುದ್ದಿ ಸ್ವಂತ ಕೈಮೂಳೆ ಮುರಿದುಕೊಂಡವರಿದ್ದಾರೆ. ತಲೆಯೆತ್ತರದ ಒದೆತ ಸ್ಪರ್ಧೆಗೆ ಚಂದ. ಪರ್ದಾ ಹಾಕಿ ಬಸ್ಸಿಗೆ ಕಾಯುವ ಹುಡುಗಿಗೆ ಮೊಣಕಾಲಿಗೋ ಕಣಕಾಲಿಗೋ ಕೊಡುವ ಒದೆತವೇ ಸಾಧ್ಯ, ಅದೇ ಸಾಕು. ಕತ್ತಿ ತೋರಿಸಿದರೆ ಮಾತ್ರ ಪರ್ಸು, ಸರ ಕೊಟ್ಟುಬಿಡಿ. ಯಾವ ಬ್ಲ್ಯಾಕ್ ಬೆಲ್ಟ್ ಕೂಡಾ ಕತ್ತಿಗೆ ಗ್ಯಾರಂಟಿ ಅಲ್ಲ.

ಇನ್ನೊಂದು ಮಾತು, ಹೇಳಲು ಮುಜುಗರವಾದರೂ ಹೇಳಬೇಕು. ಮಕ್ಕಳ ಮೇಲೆ ಕೈ ಹಾಕುವವರು ಹೆಚ್ಚಾಗಿ ಪರಿಚಯದವರೇ. ಅಲ್ಲಿ ಕರಾಟೆಗಿಂತ ಮೊದಲು ಬೇಕಾದದ್ದು, ದೊಡ್ಡವರಿಗೂ "ಬೇಡ, ಮುಟ್ಟಬೇಡಿ" ಎನ್ನುವ ಧೈರ್ಯ, ಮನೆಗೆ ಬಂದು ಹೇಳಿದರೆ ನಂಬುವ ಉಮ್ಮ.

ಕಾನೂನೂ ಗೊತ್ತಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದಷ್ಟೇ ಬಲ. ಓಡಿದವನನ್ನು ಅಟ್ಟಿಸಿಕೊಂಡು ಹೋಗಿ ಹೊಡೆದರೆ ಕೇಸು ನಮ್ಮ ಮೇಲೆಯೇ ಬೀಳಬಹುದು. ತಪ್ಪಿಸಿಕೊಂಡ ಕೂಡಲೇ 112ಕ್ಕೆ ಫೋನ್ ಮಾಡಲು ಕಲಿಸಿ.